ಹಲ್ಲಿನ ಗುರುತಿಲ್ಲದ ರೋಲು

ಫೆಬ್ರವರಿ 9, ಭಾನುವಾರ. ಬೆಳಿಗ್ಗೆ

ಡ್ರಿಲ್ ಮುಗಿಯಿತು. ಗಾಜಿನ ಬೀರುವಿನಿಂದ ಒಂದೊಂದೇ ಇಳಿಸಿ, ಒರೆಸಿ, ಎಲ್ಲ ಸ್ಪೀಡಿನಲ್ಲೂ ಶಟರ್ ಹೊಡೆದು ವಾಪಸ್ ಇಟ್ಟೆ. ಹಳೆಯ ಕ್ಯಾಮೆರಾಗಳನ್ನು ಸುಮ್ಮನೆ ಕೂರಿಸಿದರೆ ಒಳಗಿನ ಎಣ್ಣೆ ಗಟ್ಟಿಯಾಗಿ ಕೀಲು ಹಿಡಿಯುತ್ತದೆ. ನನ್ನ ಹಾಗೆಯೇ. ಭಾನುವಾರದ ಈ ಕೆಲಸಕ್ಕೆ ಡ್ರಿಲ್ ಎಂದು ಹೆಸರಿಟ್ಟವಳು ನನ್ನ ಹೆಂಡತಿ. ಕ್ಯಾಮೆರಾಗಳಿಗೆ ಹೆಸರಿಟ್ಟವಳೂ ಅವಳೇ. ಗುಡುಗು, ಮೂಗ, ದೊಡ್ಡಪ್ಪ, ಆತುರಗೇಡಿ.

ಆತುರಗೇಡಿ ಇವತ್ತೂ ಕೈಕೊಟ್ಟ. ಒಂದು ಸೆಕೆಂಡು ಕಣ್ಣು ತೆರೆದಿರು ಅಂದರೆ ಮಿಟುಕಿಸಿ ಮುಚ್ಚಿಬಿಡುತ್ತಾನೆ. ಹೋದ ತಿಂಗಳು ಬಿಚ್ಚಿ ಕ್ಲೀನ್ ಮಾಡಿ, ಒಂದು ರೋಲು ತುಂಬಿ ಟೆಸ್ಟ್ ಮಾಡುತ್ತಿದ್ದೇನೆ. ಇವತ್ತು ಅಡುಗೆಮನೆಯ ಕತ್ತಲೆ ಬಾಗಿಲಿಗೆ ಹಿಡಿದು ಶಟರನ್ನು ಒಂದು ಸೆಕೆಂಡಿಗೆ ಇಟ್ಟೆ. ಟಪ್. ಅಷ್ಟೇ. ಆ ಕತ್ತಲಿಗೆ ಅಷ್ಟು ಬೆಳಕು ಎಲ್ಲಿ ಸಾಕು? ಹನ್ನೊಂದನೇ ಫೋಟೊ ವೇಸ್ಟ್. ರಿಪೇರಿ ನಾಟ್‌ವಿತ್‌ಸ್ಟ್ಯಾಂಡಿಂಗ್ — ಈ ಪದದ ಅರ್ಥ ಕಾಲೇಜಿನಲ್ಲೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಬರೆದರೆ ವಾಕ್ಯಕ್ಕೊಂದು ತೂಕ ಬರುತ್ತದೆ.

ಅದೇ ದಿನ. ಸಂಜೆ

ನಾದಿನಿ ಬಂದಿದ್ದಳು. ಎರಡು ಬೀದಿ ಆಚೆ ಮನೆ, ಭಾನುವಾರ ತಪ್ಪಿಸುವುದಿಲ್ಲ. ಇವತ್ತು ಚೀಲ ಕೆಳಗಿಡುವ ಮೊದಲೇ ಕೇಳಿದಳು.

"ಭಾವ, ಅಕ್ಕನ ಒಂದು ಫೋಟೊ ಕೊಡಿ. ಮೇಜಿನ ಮೇಲೆ ಇಟ್ಕೋತೀನಿ."

"ಯಾಕೆ, ಇದ್ದಕ್ಕಿದ್ದ ಹಾಗೆ?"

"ಮೊನ್ನೆ ಅವಳ ಮುಖ ನೆನಪಿಸ್ಕೋತಿದ್ದೆ. ಕಣ್ಣು ಬಂತು, ಮೂಗು ಬರಲೇ ಇಲ್ಲ. ಹೆದರಿಕೆ ಆಯ್ತು ಭಾವ."

ಡ್ರಾಯರ್ ಎಳೆದೆವು. ನಮ್ಮ ಮನೆಯಲ್ಲಿ ಯಾವ ಕ್ಯಾಮೆರಾ ರಿಪೇರಿಯಾದರೂ ಮೊದಲ ಫೋಟೊ ಒಂದೇ. ಅವಳು ಆ ಕ್ಯಾಮೆರಾದ ಹೆಸರು ಬರೆದ ರಟ್ಟು ಹಿಡಿದು ನಿಲ್ಲುವುದು. "ಮೊದಲು ಕ್ಯಾಮೆರಾ ಸರಿಹೋಗ್ಲಿ, ಮುಖ ಆಮೇಲೆ" ಎಂದು ರಟ್ಟನ್ನೇ ಮುಖಕ್ಕೆ ಅಡ್ಡ ಹಿಡಿಯುವಳು. ಫೋನ್ ಎತ್ತಿದರಂತೂ ಎದ್ದೇ ಹೋಗುವಳು.

ನಾದಿನಿ ಒಂದೊಂದೇ ಫೋಟೊ ತಿರುವಿದಳು. "ಇದು ಬೆರಳು. ಇದೂ ಬೆರಳು. ಇದು... ಓಹೋ, ಹೆಬ್ಬೆರಳು! ಮನೆ ತುಂಬ ಕ್ಯಾಮೆರಾ, ನಮ್ಮಕ್ಕನ ಮುಖ ಒಂದಿಲ್ಲ. ನಿಮ್ಮನ್ನ ಏನು ಮಾಡ್ಬೇಕು ಹೇಳಿ."

ಮದುವೆ ಫೋಟೊ ತೋರಿಸಿದೆ. "ಇವಳಲ್ಲ ಭಾವ. ಇವಳು ನಮ್ಮಕ್ಕ ಆಗೋಕೆ ಮುಂಚಿನವಳು" ಎಂದಳು. ಗುರುತಿನ ಚೀಟಿಯಲ್ಲಿ ಒಂದಿದೆ. ಅದನ್ನು ನೋಡಿ ಅವಳೇ "ಯಾರ್ರೀ ಇವಳು, ಕಳ್ಳಿ ಥರ" ಎಂದಿದ್ದಳು.

ನಾದಿನಿ ಟೀ ಕುಡಿಯದೆ ಹೋದಳು. ಒಂದು ಬೆರಳಿನ ಫೋಟೊ ಮಾತ್ರ ಚೀಲಕ್ಕೆ ಹಾಕಿಕೊಂಡಳು.

ಫೆಬ್ರವರಿ 10, ಸೋಮವಾರ

ಹಲ್ಲುಜ್ಜುವಾಗ ನೆನಪಾಯಿತು. ಹಲ್ಲು!

ಹೋದ ವರ್ಷ. ಅವಳ ಎಡಗಡೆಯ ದವಡೆ ಹಲ್ಲು ಕೀಳಿಸಿಕೊಂಡು ಬರುವಾಗ ಪಾರ್ಕಿನ ಕೊಳದ ಹತ್ತಿರ ಕೂತೆವು. ಕೆನ್ನೆ ಬನ್ನಿನ ಹಾಗೆ ಊದಿತ್ತು. ಬಾಯಿಯಲ್ಲಿ ಹತ್ತಿ. ಅದರ ಸಂದಿಯಿಂದಲೇ, "ರೀ, ಇವತ್ತು ತೆಗೀರಿ. ಕೆನ್ನೆ ತುಂಬ್ಕೊಂಡಿದೆ, ಸುಕ್ಕು ಕಾಣಲ್ಲ. ಮತ್ತೆ ಇಂಥ ಚಾನ್ಸ್ ಸಿಗಲ್ಲ" ಎಂದಳು. ಮೂಗನನ್ನು ಒಯ್ದಿದ್ದೆ. ಇಡೀ ರೋಲು ಮುಗಿಯಿತು.

ಮನೆಗೆ ಬಂದು ರಿವೈಂಡ್ ಮಾಡಿದೆ. ಬೇರೆಯವರು ಫಿಲ್ಮನ್ನು ಪೂರ್ತಿ ಒಳಗೆ ಸುತ್ತಿಬಿಡುತ್ತಾರೆ. ನಾನು ತುದಿಯ ಬಾಲವನ್ನು ಹೊರಗೆ ಬಿಡುತ್ತೇನೆ, ತೊಳೆಯುವಾಗ ಎಳೆಯಲು ಸುಲಭ. ತೊಂದರೆ ಏನೆಂದರೆ, ಮುಗಿದ ರೋಲೂ ಹೊಸ ರೋಲೂ ನೋಡಲು ಒಂದೇ. ಅದಕ್ಕೆ ಅವಳ ಉಪಾಯ — ಮುಗಿದ ರೋಲಿನ ಬಾಲವನ್ನು ಹಲ್ಲಿನಿಂದ ಕಚ್ಚಿ ಕೊಡುವುದು. ಹಲ್ಲಿನ ಗುರುತಿದ್ದರೆ ಮುಗಿದದ್ದು, ಇಲ್ಲದಿದ್ದರೆ ಹೊಸದು. ಪೆನ್ನಿನಲ್ಲಿ ಬರೆಯೋಣ ಎಂದರೆ, "ಪೆನ್ನು ಹುಡುಕೋದ್ರೊಳಗೆ ಮರೀತೀರಿ. ನನ್ನ ಹಲ್ಲು ಎಲ್ಲೂ ಕಳೆಯಲ್ಲ" ಎನ್ನುವಳು. ಒಮ್ಮೆಯೂ ತಪ್ಪಾಗಿರಲಿಲ್ಲ.

ಆ ದಿನ ಕಚ್ಚುವುದು ಹೇಗೆ? ನಾಳೆ ಎಂದು ಕೈಸನ್ನೆ ಮಾಡಿದಳು. ರೋಲುಗಳ ಡಬ್ಬಿಗೆ ಹಾಕಿದೆ. ಆ ವಾರವೇ ಎದೆನೋವು, ಆಸ್ಪತ್ರೆ... ರೋಲಿನ ಬಾಲ ಯಾರಿಗೆ ನೆನಪಿರುತ್ತದೆ.

ಡಬ್ಬಿ ಬಗ್ಗಿಸಿ ನೋಡಿದೆ. ಎಲ್ಲ ಸೀಲ್ ಒಡೆಯದ ರೋಲು. ಬಿಡಿಯಾಗಿ ಇದ್ದದ್ದು ಒಂದೇ. ಹಲ್ಲಿನ ಗುರುತಿಲ್ಲ, ಹೊಸದು ಎಂದು ಹೋದ ತಿಂಗಳು ಅದನ್ನು —

ಆತುರಗೇಡಿಯ ಹೊಟ್ಟೆಯಲ್ಲಿದೆ. ಅವಳ ಮೇಲೆಯೇ ಹನ್ನೊಂದು ಫೋಟೊ ಹೊಡೆದಿದ್ದೇನೆ.

ಫೆಬ್ರವರಿ 11, ಮಂಗಳವಾರ

ತಲೆ ತಣ್ಣಗಾದ ಮೇಲೆ ಹೊಳೆಯಿತು. ಹನ್ನೊಂದು ಹಾಳು, ಒಪ್ಪಿದೆ. ಅವಳ ಮೇಲೆ ಕುರ್ಚಿ, ಬಟ್ಟೆ ಒಣಗುವ ತಂತಿ, ಬೈಯುತ್ತಿರುವ ನಾದಿನಿ. ಆದರೆ ರೋಲಿನ ಮೂವತ್ತಾರರಲ್ಲಿ ಉಳಿದ ಇಪ್ಪತ್ತೈದನ್ನು ನಾನು ಮುಟ್ಟಿಲ್ಲ. ಅಲ್ಲಿ ಅವಳು ಸೇಫ್. ಕ್ಯಾಮೆರಾವನ್ನು ಮಗುವಿನ ಹಾಗೆ ಎತ್ತಿಕೊಂಡು ರಿವೈಂಡ್ ಮಾಡಿದೆ.

ಫಿಲ್ಮು ತೊಳೆಯುವ ಔಷಧಿ ಪುಡಿ ತರಲು ಸ್ಟುಡಿಯೊಗೆ ಹೋದೆ. ಸ್ಟುಡಿಯೊದವನು ಮೇಲಿನ ಅಟ್ಟದಿಂದ ಧೂಳು ಕೊಡವಿ ಒಂದು ಪ್ಯಾಕೆಟ್ ಕೊಟ್ಟ. "ಸಾರ್, ಇದನ್ನ ಕೇಳೋರು ನೀವೊಬ್ರೇ. ನಿಮಗೋಸ್ಕರ ಧೂಳು ಸಾಕ್ತಿದ್ದೀನಿ." ವಿಷಯ ಹೇಳಿದೆ. ಅವನ ನಗು ನಿಂತಿತು. "ನಿಮ್ಮ ಕೈ ನಡುಗುತ್ತಲ್ಲ ಸಾರ್. ಬೇರೆ ಊರಲ್ಲಿ ಒಂದು ಲ್ಯಾಬ್ ಇದೆ, ಪೋಸ್ಟಲ್ಲಿ ಕಳ್ಸಿಬಿಡೋಣ."

ಪೋಸ್ಟಿನಲ್ಲೇ? ಅವಳನ್ನೇ? ಬೇಡ ಎಂದೆ.

ಫೆಬ್ರವರಿ 19, ಬುಧವಾರ

ಒಂದು ವಾರದಿಂದ ಪ್ರಾಕ್ಟೀಸು. ಹಾಳು ಫಿಲ್ಮು ತೆಗೆದುಕೊಂಡು, ಕಣ್ಣು ಮುಚ್ಚಿ ತೊಳೆಯುವ ಡಬ್ಬಿಯೊಳಗಿನ ಸುರುಳಿಗೆ ಏರಿಸುವುದು; ಪೂರ್ತಿ ಕತ್ತಲಲ್ಲೇ ಆಗಬೇಕಾದ ಕೆಲಸ. ನಾಲ್ಕು ಸಲ ಸರಾಗ, ಐದನೆಯ ಸಲ ಸಿಕ್ಕು. ಸಿಕ್ಕು ಬಿದ್ದ ಕಡೆ ಫಿಲ್ಮಿಗೆ ಫಿಲ್ಮು ಅಂಟಿಕೊಂಡರೆ ಅಲ್ಲಿ ಔಷಧಿ ಹೋಗುವುದಿಲ್ಲ, ಚಿತ್ರ ಬರುವುದಿಲ್ಲ. ಬಲಗೈ ತೋರುಬೆರಳು ನನ್ನ ಮಾತು ಕೇಳುವುದು ಬಿಟ್ಟು ಬಹಳ ದಿನವಾಯಿತು.

ಲೇಟೆಂಟ್ ಇಮೇಜ್, ತೊಳೆಯುವ ಮುಂಚೆ ಫಿಲ್ಮಿನಲ್ಲಿ ಅಡಗಿರುವ ಚಿತ್ರ. ಕಾಲೇಜಿನ ಲೆಕ್ಚರರ್ ಹೇಳುತ್ತಿದ್ದರು — ದಿ ಇಮೇಜ್ ಈಸ್ ಆಲ್ರೆಡಿ ದೇರ್, ಬಟ್... ಬಟ್ ಆದಮೇಲೆ ಏನೋ ಇತ್ತು. ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ. ಬರುತ್ತಿಲ್ಲ.

ಫೆಬ್ರವರಿ 22, ಶನಿವಾರ. ಮಧ್ಯಾಹ್ನ

ಆಯಿತು. ಬರೆಯುವ ಕೈ ಇನ್ನೂ ಒದ್ದೆ.

ಬಚ್ಚಲುಮನೆಯ ಕಿಟಕಿಗೆ ಹೊದಿಕೆ ಬಿಗಿದೆ. ಬಾಗಿಲಾಚೆ ನಾದಿನಿ, ಅಲಾರಂ ಗಡಿಯಾರ ಹಿಡಿದು. ಅದು ಅವಳ ಅಕ್ಕನ ಕೆಲಸ. ಲೈಟು ಆರಿಸಿದೆ. ಫಿಲ್ಮು ಅರ್ಧ ಏರಿತು, ನಿಂತಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಬೆರಳು ಬೆವರಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ.

"ಭಾವ, ಇದ್ದೀರಾ?"

"ಬಾಗಿಲು ತೆಗೀಬೇಡ! ತೆಗೆದ್ರೆ ನಿಮ್ಮಕ್ಕ ಹೋದಳು!"

ಆಚೆಯಿಂದ ಮೆತ್ತಗೆ, "ಹೋಗಿ ವರ್ಷ ಆಗ್ತಾ ಬಂತಲ್ಲ ಭಾವ."

ಕತ್ತಲಲ್ಲಿ ನಗು ಬಂತು. ಏನು ನಗು ಅದು, ಮೈಯೆಲ್ಲ ಅಲುಗುವಂಥದ್ದು. ಆಚೆ ಅವಳೂ ಶುರು ಮಾಡಿದಳು. ನಕ್ಕು ನಕ್ಕು ಕೈ ಸಡಿಲವಾಯಿತು. ಫಿಲ್ಮು ತಾನಾಗಿ ಸರಕ್ಕನೆ ಏರಿತು.

ಔಷಧಿ ಹೊಯ್ದು, ಚೆಲ್ಲಿ, ತೊಳೆದು ಹೊರಗೆಳೆದೆವು. ತಂತಿಗೆ ನೇತುಹಾಕಿದ್ದೇನೆ. ಒಣಗುವವರೆಗೆ ಯಾರೂ ನೋಡುವಂತಿಲ್ಲ ಎಂದೆ. ನಾದಿನಿ ಕುರ್ಚಿ ಎಳೆದುಕೊಂಡು ಅದರ ಎದುರೇ ಕೂತಿದ್ದಾಳೆ.

ಫೆಬ್ರವರಿ 23, ಭಾನುವಾರ

ಮೊದಲು ಆ ಇಪ್ಪತ್ತೈದು ನೋಡಿದೆವು. ಒಂದರಲ್ಲೂ ಅವಳಿಲ್ಲ.

ಎಲ್ಲ ನಾನೇ. ನಾನು ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದು. ನಾನು ಶೂ ಲೇಸು ಕಟ್ಟುತ್ತಿರುವುದು. ಬೇಡ ಬೇಡ ಎಂದು ಕೈ ಆಡಿಸುತ್ತಿರುವುದು. ಈಗ ನೆನಪಾಗುತ್ತಿದೆ. ಹತ್ತು ಹನ್ನೊಂದು ತೆಗೆದ ಮೇಲೆ, "ಸಾಕು, ಇನ್ನು ನಿಮ್ಮ ಸರದಿ" ಎಂದು ಕ್ಯಾಮೆರಾ ಕಿತ್ತುಕೊಂಡಿದ್ದಳು. ಇದೊಂದು ಹೇಗೆ ಮರೆತೆ?

ನಾದಿನಿ ಆ ಇಪ್ಪತ್ತೈದನ್ನು ಇನ್ನೊಂದು ಸಲ ಮೊದಲಿನಿಂದ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಮೊದಲ ಹನ್ನೊಂದನ್ನು ಕಿಟಕಿಗೆ ಹಿಡಿದೆ. ಕಲಸುಮೇಲೋಗರ. ಅವಳ ಹಣೆಯ ಮೇಲೆ ಬಟ್ಟೆ ತಂತಿ. ಅವಳ ಮುಖದಲ್ಲಿ ನಾದಿನಿಯ ಬಾಯಿ. "ಥೂ, ನನ್ನನ್ನೇ ಹೊಡೀಬೇಕಿತ್ತಾ ಅವಳ ಮೇಲೆ" ಎಂದಳು. ಹನ್ನೊಂದನೆಯದರಲ್ಲಿ ಕೈ ನಿಂತಿತು. ಅಡುಗೆಮನೆ ಬಾಗಿಲು. ಆತುರಗೇಡಿ ಟಪ್ ಎಂದು ಮುಚ್ಚಿದ್ದು. ಆ ಕತ್ತಲೆ ಫಿಲ್ಮಿನ ಮೇಲೆ ಏನನ್ನೂ ಬರೆದಿಲ್ಲ. ಕತ್ತಲಿದ್ದಲ್ಲಿ ಮೊದಲಿದ್ದದ್ದು ಹಾಗೆಯೇ ಉಳಿದಿದೆ.

ಚಿತ್ರ ದೊಡ್ಡದು ಮಾಡುವ ಎನ್‌ಲಾರ್ಜರ್ ಹಚ್ಚಿ ಪ್ರಿಂಟ್ ಹಾಕಿದೆ. ಕೆಂಪು ಲೈಟಿನಲ್ಲಿ ತಟ್ಟೆಯ ಔಷಧಿ ನೀರೊಳಗೆ ಮೊದಲು ಕೂದಲು ಬಂತು. ಆಮೇಲೆ ಕಣ್ಣು. ನಾದಿನಿ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದಳು.

"ಮೂಗು! ಭಾವ, ಮೂಗು ಬಂತು!"

ಎಡಗೆನ್ನೆ ಊದಿದೆ. ಒಂದು ಭುಜ ಚೌಕಟ್ಟಿನಿಂದಾಚೆ ಹೋಗಿದೆ. ಬಾಗಿಲ ಚಿಲಕದ ಒಂದು ಮಿಣುಕು ಮಾತ್ರ ಅವಳ ಕುತ್ತಿಗೆ ಹತ್ತಿರ. ಉಳಿದದ್ದೆಲ್ಲ ಅವಳು. ಅಡುಗೆಮನೆಯಿಂದ ಏನೋ ಕೇಳಲು ಹೊರಗೆ ಬಂದು ನಿಂತ ಹಾಗಿದ್ದಾಳೆ. ಬಾಯಿಯಲ್ಲಿ ಹತ್ತಿ ಇಟ್ಟುಕೊಂಡೇ ನಗುತ್ತಿದ್ದಾಳೆ.

"ಇವಳು. ಇವಳೇ ನಮ್ಮಕ್ಕ" ಎಂದಳು ನಾದಿನಿ.

ಎರಡು ಪ್ರಿಂಟ್ ಹಾಕಿದೆ.

ಮಾರ್ಚ್ 2, ಭಾನುವಾರ

ಡ್ರಿಲ್ ಮುಗಿಯಿತು. ಆತುರಗೇಡಿಗೆ ಬಡ್ತಿ. ಬೀರುವಿನ ಮುಂದಿನ ಸಾಲು. ಇನ್ನು ಅವನನ್ನು ಬಿಚ್ಚುವುದಿಲ್ಲ, ಆತುರ ಅವನ ಹಕ್ಕು.

ನಾದಿನಿಯ ಕೈಗೆ ಗುಡುಗನ್ನು ಕೊಟ್ಟಿದ್ದೆ. ಮಧ್ಯಾಹ್ನದೊಳಗೆ ರೋಲು ಮುಗಿಸಿದಳು. ರಿವೈಂಡ್ ಮಾಡಿ, ಬಾಲ ಹೊರಗೆ ಬಿಟ್ಟು, ಕಚ್ಚು ಎಂದು ಅವಳ ಮುಂದೆ ಹಿಡಿದೆ.

"ನಾನಾ? ಬಾಲ ಕಚ್ಚೋಕೆ ನಾನೇನು ಇಲೀನಾ? ನೀವೇ ಕಚ್ಕೊಳ್ಳಿ ಭಾವ."

ನಾದಿನಿ ಹೋದ ಮೇಲೆ ಕಚ್ಚಿದೆ. ಮೊದಲ ಸಲ. ಕಹಿ. ಬರೀ ಕಹಿಯಲ್ಲ, ಅಂಟಿನ ವಾಸನೆ, ನಾಲಿಗೆಗೆ ಹತ್ತಿಕೊಂಡು ಬಿಡುವುದೇ ಇಲ್ಲ. ಎರಡು ಲೋಟ ನೀರು ಕುಡಿದೆ, ಇನ್ನೂ ಇದೆ. ಇಷ್ಟು ವರ್ಷ, ಪ್ರತಿ ರೋಲು, ಕಚ್ಚಿ, ನಕ್ಕು, ನನ್ನ ಕೈಗಿಟ್ಟು — ಒಂದು ದಿನವಾದರೂ ಅವಳು —