ತೂಕದ ಕುರ್ಚಿ

ಬರೋಡಾ
೨೨ ನವೆಂಬರ್ ೧೯೬೬

ನನ್ನ ಹನುಮಣ್ಣನಿಗೆ,

ಇಪ್ಪತ್ತಮೂರು ವರ್ಷದಿಂದ ನಿನಗೆ ಕಾಗದ ಬರೆದಿಲ್ಲ. ತೀರಿಕೊಂಡವರಿಗೆ ಯಾರು ಬರೆಯುತ್ತಾರೆ? ಆದರೆ ಈ ವಿಷಯವನ್ನು ಬೇರೆ ಯಾರಿಗೂ ಬರೆಯಲಾರೆ.

ನಮ್ಮ ಯಜಮಾನರಿಗೆ ರೈಲ್ವೆಯಲ್ಲಿ ಇಲ್ಲಿಗೆ ವರ್ಗವಾಯಿತು. ಫತೇಗಂಜ್‌ನಲ್ಲಿ ಮನೆ. ನೀನು ಕುದುರೆಯಿಂದ ಬಿದ್ದ ರೇಸ್ ಮೈದಾನ ಇದೇ ಊರಿನಲ್ಲಿದೆ ಎಂದು ಗೊತ್ತಿದ್ದೂ ನಾಲ್ಕು ತಿಂಗಳು ಅತ್ತ ಹೋಗಲಿಲ್ಲ. ಕಳೆದ ಭಾನುವಾರ ಹೋದೆ.

ಓಟ ನಿಂತು ಎಷ್ಟೋ ವರ್ಷವಾಗಿದೆ. ಬಿಳಿ ಕಟಕಟೆಗೆ ಯಾರೋ ಎಮ್ಮೆ ಕಟ್ಟಿದ್ದರು. ಜನ ಕೂತು ಓಟ ನೋಡುತ್ತಿದ್ದ ಮೆಟ್ಟಿಲು ಸಾಲಿನ ಕೆಳಗಿನ ಎರಡು ಕೋಣೆಗಳೇ ಈಗ ಮ್ಯೂಸಿಯಂ. ಜೀನು, ಲಾಳ, ಕಪ್ಪಾದ ಬೆಳ್ಳಿ ಬಟ್ಟಲು. ಒಂದು ಫೋಟೋದಲ್ಲಿ ನೀನಿದ್ದೆ, ನಗುತ್ತಿದ್ದೆ. ಕೆಳಗೆ ಕುದುರೆಯ ಹೆಸರಿತ್ತು, ನಿನ್ನದಿರಲಿಲ್ಲ.

ಕಾವಲಿನ ಮುದುಕ ಜೇಠಾಭಾಯಿ ಆಗ ಓಟಕ್ಕೆ ಮುಂಚೆ, ಆಮೇಲೆ ಸವಾರರನ್ನು ಕುರ್ಚಿಯಲ್ಲಿ ಕೂರಿಸಿ ತೂಕ ನೋಡುತ್ತಿದ್ದವನಂತೆ. ಫೋಟೋ ತೋರಿಸಿ ಇವನು ನನ್ನಣ್ಣ ಎಂದೆ. "ಮೈಸೂರ್‌ವಾಲಾ ಹನುಮಂತ್? ಬೈಠೋ ಬೆನ್, ಬೈಠೋ" ಎಂದು ತಂಗಿಯಂತೆ ಕರೆದು ಕೂರಿಸಿ, ತೂಕದ ಪುಸ್ತಕವನ್ನೇ ತೆಗೆದು ತೋರಿಸಿದ.

ಆ ವರ್ಷದ ದಸರಾ ರಜೆಗೆ ನಮ್ಮೂರಿಗೆ ಹೊರಡುವಾಗ ನೀನು ನೂರಾ ಆರು ಪೌಂಡ್. ಇಲ್ಲಿಗೆ ಮರಳಿದ ದಿನ ನೂರಾ ಹದಿಮೂರು. ಒಂಬತ್ತನೆಯ ದಿನ, ರೇಸಿಗೆ ಮುಂಚೆ, ನೂರಾ ಐದು. ಓಟದ ನಂತರದ ತೂಕ ಬರೆಯುವ ಜಾಗ ಖಾಲಿ.

ಆ ಏಳು ಪೌಂಡ್ ನನ್ನದು ಅಣ್ಣ. "ಸಾಕು ಯಶೂ, ತೂಕ ಜಾಸ್ತಿಯಾದ್ರೆ ಕುದ್ರೆ ಬೈಯುತ್ತೆ" ಅಂತ ನೀನು ಎಲೆಗೆ ಕೈ ಅಡ್ಡ ಇಟ್ಟೆ. "ಕುದ್ರೆಗೆ ನಾನ್ ಹೇಳ್ತೀನಿ, ತಿನ್ನೋ. ಒಳ್ಳೆ ಕಡ್ಡಿ ಆಗಿದೀಯ" ಅಂತ ಕೈ ಸರಿಸಿ ಒಬ್ಬಟ್ಟು ಹಾಕಿದವಳು ನಾನು. ಹತ್ತು ದಿನವೂ ಹಾಗೇ ಮಾಡಿದೆ. ಹೊರಡುವಾಗ ಡಬ್ಬಿ ತುಂಬ ಕಜ್ಜಾಯ ಕಟ್ಟಿದೆ.

ಅದನ್ನು ಇಳಿಸಲು ಇಲ್ಲಿ ನೀನು ಬಿಸಿಲಲ್ಲಿ ಕಂಬಳಿ ಹೊದ್ದು ಓಡಿದೆಯಂತೆ. ಕೊನೆಯ ಎರಡು ದಿನ ಬರೀ ಸಕ್ಕರೆಯಿಲ್ಲದ ಚಹಾ. ಕುದುರೆ ಎಡವಿತು ಎಂದು ನಮಗೆ ತಂತಿ ಬಂದಿತ್ತು. "ಕುದುರೆ ಎಡವಲಿಲ್ಲ ಬೆನ್, ಲಗಾಮು ಹಿಡಿದ ಅವನ ಕೈ ಸೋತಿತು" ಎಂದ ಜೇಠಾಭಾಯಿ. ಕಜ್ಜಾಯವನ್ನು ನೀನು ಮೂಸಿ ನೋಡಿ ಲಾಯದವರಿಗೆಲ್ಲ ಹಂಚಿದೆಯಂತೆ. "ಹೇಗಿದೆ ಹೇಳಿ, ನನ್ನ ತಂಗಿ ಮಾಡಿದ್ದು" ಎಂದು ಒಬ್ಬೊಬ್ಬರನ್ನೂ ಕೇಳಿದೆಯಂತೆ.

ಅಮ್ಮ ಇಂದಿಗೂ ಹೇಳುವುದು ಒಂದೇ ಮಾತು: "ಹೋಗೋಕ್ ಮುಂಚೆ ಹತ್ ದಿನ ಹೊಟ್ಟೆ ತುಂಬ ಉಂಡ, ಅದೇ ಸಮಾಧಾನ." ಅವಳಿಗೆ ಉಳಿದಿರುವುದು ಅದೊಂದೇ. ಅದನ್ನು ಕಿತ್ತುಕೊಳ್ಳಲಾರೆ. ಫೋಟೋದಲ್ಲಿ ನೀನು ನಗುತ್ತಿದ್ದೀಯ ಎಂದಷ್ಟೇ ನಿನ್ನೆ ಅವಳಿಗೆ ಬರೆದು ಹಾಕಿದೆ.

ಬರುವಾಗ ಜೇಠಾಭಾಯಿಯ ಪೆನ್ಸಿಲ್ ಕೇಳಿ ಫೋಟೋದ ಕೆಳಗೆ ನಿನ್ನ ಹೆಸರು ಬರೆದೆ. ಅವನು ಬೇಡ ಅನ್ನಲಿಲ್ಲ. ತೂಕದ ಕುರ್ಚಿ ಇನ್ನೂ ಅಲ್ಲೇ ಇದೆ. ಅದರಲ್ಲಿ ಕೂರು ಎಂದ. ನನ್ನಿಂದ ಆಗಲಿಲ್ಲ.

ನೀನಿರುವ ಕಡೆ ತಕ್ಕಡಿ ಇಲ್ಲದಿರಲಿ ಅಣ್ಣ. ಯಾರಾದರೂ ಬಡಿಸಿದರೆ ಕೈ ಅಡ್ಡ ಇಡಬೇಡ.

ಬಡಿಸಿ ತಪ್ಪು ಮಾಡಿದ ನಿನ್ನ ತಂಗಿ,
ಯಶೋದಾ