ನಿನ್ನ ದನಿಗೊಂದು ಪೆಟ್ಟಿಗೆ

ಗೆಳೆಯಾ ಪುಟ್ಟಸ್ವಾಮಿ,

ಓದುವ ಮೊದಲೇ ನೀನು ಬೈಯುತ್ತೀಯ, ಗೊತ್ತು. ಇರಲಿ, ಪೂರ್ತಿ ಓದಿ ಆಮೇಲೆ ಬೈ. ನೀನು ಹೋಗಿ ಹನ್ನೊಂದು ತಿಂಗಳಾಯಿತು. ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು ಹೇಳು? ಈಗ ಇದೆ. ಅದರಲ್ಲಿ ಒಂದು ತಪ್ಪೊಪ್ಪಿಗೆಯೂ ಇದೆ.

ಯುಗಾದಿ ಮುಗಿದ ಮರುವಾರ ನಿನ್ನ ಜಯಮ್ಮ ಗಂಡಸಿಯಲ್ಲಿರುವ ನನ್ನ ಮೋಟಾರ್ ರೀವೈಂಡಿಂಗ್ ಅಂಗಡಿಗೆ ಬಂದಳು. ಪಂಪು ಕೆಟ್ಟಿರಬೇಕು ಅಂದುಕೊಂಡೆ. ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ಅಣ್ಣ, ಅವರ ದನಿ ಮರ್ತೋಗ್ತಾ ಐತೆ ಕಣಣ್ಣ. ಮುಖ ಐತೆ, ಫೋಟೋ ಐತೆ. ಕಣ್ಣು ಮುಚ್ಕೊಂಡ್ರೆ ದನಿ ಮಾತ್ರ ಬತ್ತಾ ಇಲ್ಲ. ಎಲ್ಲಾದ್ರೂ ಐತಾ?" ಅಂದಳು. ಮೂವತ್ತು ವರ್ಷ ಮೈಕ್‌ಸೆಟ್ ನಡೆಸಿದವನು ನೀನು. ಸುತ್ತಲ ಹಳ್ಳಿಗಳ ನಾಟಕ, ಭಾಷಣ, ಸೋಬಾನೆ ಎಲ್ಲ ರೆಕಾರ್ಡ್ ಮಾಡಿದವನು. ಸಾಯುವವರೆಗೂ ಆ ಕೀಪ್ಯಾಡ್ ಫೋನು ಬಿಡಲಿಲ್ಲ. ಒಂದು ವಾಯ್ಸ್ ಮೆಸೇಜಾದರೂ ಕಳಿಸಿದ್ದರೆ...

ನೆನಪಿದೆಯಾ, ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ನನ್ನನ್ನು ತೆಂಗಿನ ತೋಟದ ಆಚೆ, ಕೊನೆಯ ಹಾರ್ನ್ ಸ್ಪೀಕರಿನ ಕೆಳಗೆ ನಿಲ್ಲಿಸುತ್ತಿದ್ದೆ. ನೀನು ಮೈಕಿನಲ್ಲಿ, "ಹಲೋ, ಹಲೋ. ಲೋಕಿ, ದೂರದ ಹಾರ್ನು ಕೇಳ್ತೈತೇನ್ಲಾ?" ಅನ್ನುತ್ತಿದ್ದೆ. ನಾನು ಹೆಗಲ ಮೇಲಿನ ಟವೆಲ್ ಎತ್ತಿ ಬೀಸಿದರೆ ಕೇಳುತ್ತೆ ಎಂದರ್ಥ. ನಾಟಕದವರಿಗೆ ಕೊಡುವ ಕ್ಯಾಸೆಟ್ಟಿನಲ್ಲಿ ನೀನು ಆ ಭಾಗ ಕತ್ತರಿಸುತ್ತಿದ್ದೆ. ಆದರೆ ನಿನ್ನ ಕಂಪ್ಯೂಟರಿನಲ್ಲಿ ಕತ್ತರಿಸದ ರೆಕಾರ್ಡಿಂಗ್ ಇದ್ದೇ ಇರುತ್ತದಲ್ಲ? ಜಯಮ್ಮನಿಗೆ ಅಷ್ಟು ಹೇಳಿದ್ದೇ ತಡ, ಅವಳ ಮುಖ ನೋಡಬೇಕಿತ್ತು. ನಾನು ಅವತ್ತೇ ಬಾಯಿ ಮುಚ್ಚಿಕೊಂಡಿರಬೇಕಿತ್ತು. ನಿನ್ನ ಮನೆಗೆ ಹೋಗಿ ಕಂಪ್ಯೂಟರ್ ಹಾಕಿದರೆ ಬರೀ ಟಕ್, ಟಕ್, ಟಕ್ ಸದ್ದು, ಪರದೆ ಮೇಲೆ ಏನೂ ಇಲ್ಲ.

ಅದನ್ನು ಗೋಣಿಚೀಲದಲ್ಲಿ ಸುತ್ತಿ ಅರಸೀಕೆರೆಗೆ ಒಯ್ದೆ. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಶೈಲಜಾ ಎಂಬಾಕೆ ಇದ್ದಾರೆ. ಮಾತು ಕಡಿಮೆ, ಕೆಲಸ ಖಡಕ್. ಡಬ್ಬ ಬಿಚ್ಚಿ ಹಾರ್ಡ್‌ಡಿಸ್ಕ್ ಕೈಗೆತ್ತಿಕೊಂಡವರು ಹಾಗೇ ನಿಂತರು. "ಯಜಮಾನ್ರೇ, ಇದರ ಮೇಲೆ ಕುಂಕುಮ ಹಚ್ಚಿದ್ದು ಯಾರು?" ಅಂದರು. "ಇಲ್ಲೊಂದು ಸಣ್ಣ ತೂತು ಐತೆ ನೋಡಿ. ಡಿಸ್ಕ್ ಉಸಿರಾಡೋದು ಇದರಲ್ಲಿ. ಮುಚ್ಚಬೇಡಿ ಅಂತ ಪಕ್ಕದಲ್ಲೇ ಬರೆದಿದಾರೆ. ಸರಿಯಾಗಿ ಅದರ ಮೇಲೇ ಇಟ್ಟಿದೀರಲ್ರೀ!"

ನಾನೇ ಕಣೋ. ನೀನು ಹೋದ ವರ್ಷ ನಿನ್ನ ಮನೆಯಲ್ಲಿ ಹಬ್ಬವಿಲ್ಲ. ಆಯುಧಪೂಜೆ ದಿನ ಆಂಪ್ಲಿಫೈಯರು, ಹಾರ್ನು ಎಲ್ಲ ಧೂಳು ಹಿಡಿದು ಕೂತಿರುವುದು ನೆನೆದು ಸಂಕಟವಾಯಿತು. ನಿನ್ನ ಮೈಕ್‌ಸೆಟ್ ಕೋಣೆಯ ಬೀಗದ ಕೈ ನನ್ನ ಹತ್ತಿರವೇ ಇತ್ತಲ್ಲ, ಜಯಮ್ಮನಿಗೂ ಹೇಳದೆ ಹೋಗಿ ಎಲ್ಲ ಒರೆಸಿ ಪೂಜೆ ಮಾಡಿದೆ. ನೀನು ಪ್ರತಿ ವರ್ಷ, "ಡಬ್ಬದ ಮೇಲೆ ಇಡು ಸಾಕು, ಒಳಗೆ ಕೈ ಹಾಕ್ಬೇಡ ಕಣ್ಲಾ" ಅಂತ ಗದರುತ್ತಿದ್ದೆ. ಆ ವರ್ಷ ಗದರುವವರು ಇರಲಿಲ್ಲ. ಪ್ರೀತಿ ಹೆಚ್ಚಾಗಿ ಕಂಪ್ಯೂಟರಿನ ಡಬ್ಬ ಬಿಚ್ಚಿ, ಒಳಗಿನ ಒಂದೊಂದಕ್ಕೂ ಒದ್ದೆ ಅರಿಶಿನ ಕುಂಕುಮ ಒತ್ತಿದೆ. ಅದರಿಂದಲೇ ಕೆಟ್ಟಿತಾ ಎಂದು ಶೈಲಜಾ ಅವರನ್ನು ಕೇಳಿದೆ. "ವಯಸ್ಸಾಗಿರೋ ಡಿಸ್ಕು. ಅದರಿಂದಲೇ ಅಂತ ಹೇಳೋಕಾಗಲ್ಲ, ಅಲ್ಲ ಅಂತಾನೂ ಹೇಳೋಕಾಗಲ್ಲ" ಅಂದರು. ಆ ಮಾತು ಇಟ್ಟುಕೊಂಡು ನಾನು ಹೇಗೆ ನಿದ್ದೆ ಮಾಡಲಿ?

"ಇದನ್ನ ಇನ್ಮೇಲೆ ಸುಮ್ಮಸುಮ್ಮನೆ ಆನ್ ಮಾಡಬೇಡಿ. ಇನ್ನೊಂದು ಸಲ ಓಡಿದ್ರೆ ನಮ್ಮ ಪುಣ್ಯ. ಅಷ್ಟರೊಳಗೆ ಇದರಲ್ಲಿರೋದನ್ನ ಇಳಿಸ್ಕೊಳ್ಳೋಕೆ ಒಂದು ಜಾಗ ಸಿದ್ಧ ಇರಬೇಕು" ಅಂದರು ಶೈಲಜಾ. ಬೆಂಗಳೂರಿನಲ್ಲಿ ಇದನ್ನೇ ಮಾಡುವವರಿದ್ದಾರಂತೆ, ನಮ್ಮ ಕೈಗೆ ಎಟುಕುವ ಮಾತಲ್ಲ. ಜಾಗ ಎಂದರೆ ಹೋಮ್ ಸರ್ವರ್. ಏನಿಲ್ಲ, ಮನೆಯ ಮೂಲೆಯಲ್ಲಿ ಸದಾ ಓಡುತ್ತಿರುವ ಒಂದು ಕಂಪ್ಯೂಟರು. ರೆಕಾರ್ಡಿಂಗ್ ಎಲ್ಲ ಅದರಲ್ಲಿ ಇರುತ್ತದೆ, ಜಯಮ್ಮ ತನ್ನ ಫೋನಿನಲ್ಲೇ ಬೇಕಾದ್ದು ತೆಗೆದು ಕೇಳಬಹುದು. ಎರಡು ಡಿಸ್ಕಿನ ಹೊಸ ಪೆಟ್ಟಿಗೆಯ ಚಿತ್ರ ತೋರಿಸಿದರು, ಬೆಲೆ ನೋಡಿ ನಾನೇ ಪುಟ ಸರಿಸಿದೆ. ಅಂಗೈಯಗಲದ ಒಂದು ಬೋರ್ಡು ತೋರಿಸಿದರು, ಅದೇ ಪೂರ್ತಿ ಕಂಪ್ಯೂಟರಂತೆ. ಅಗ್ಗ, ಕರೆಂಟೂ ಕುಡಿಯಲ್ಲ. "ಆದ್ರೆ ನಿಮ್ಮೂರ ಕರೆಂಟಿಗೆ ಅದು ಸರಿಯಲ್ಲ. ಇಳಿಸೋವಾಗ ಪಟ್ ಅಂತ ಹೋದ್ರೆ ಮುಗೀತು" ಅಂದರು. ನನಗೂ ಅದರ ಮೇಲೆ ನಂಬಿಕೆ ಬರಲಿಲ್ಲ. ಬೆಂಕಿಪೊಟ್ಟಣದಂಥದ್ದರಲ್ಲಿ ನಿನ್ನ ಮೂವತ್ತು ವರ್ಷ ಹಿಡಿಯುತ್ತದಾ?

ನಾನು ಮೋಟಾರಿನವನು, ತೂಕ ನೋಡಿ ನಂಬುವವನು. ಶೈಲಜಾ ಅವರಿಗೆ ಹೇಳದೆ ಬೇಲೂರಿಗೆ ಹೋಗಿ, ಹಳೇ ಸಾಮಾನಿನ ವ್ಯಾಪಾರಿ ಹತ್ತಿರ ಯಾವುದೋ ಆಫೀಸಿನ ದೊಡ್ಡ ಸರ್ವರ್ ಹಿಡಿದೆ. ಇಬ್ಬರು ಎತ್ತಬೇಕು, ಅಂಥಾದ್ದು. ಅಗ್ಗಕ್ಕೆ ಸಿಕ್ಕಿತು ಎಂದು ಮೀಸೆ ತಿರುವಿಕೊಂಡು ಲಗೇಜ್ ಆಟೋದಲ್ಲಿ ತಂದು ನಿನ್ನ ಮನೆಯ ನಡುಮನೆಯಲ್ಲಿ ಸ್ವಿಚ್ ಹಾಕಿದೆ. ಅಬ್ಬಾ! ಹಿಟ್ಟಿನ ಗಿರಣಿ ಶುರುವಾದಂತಾಯಿತು. ಕೊಟ್ಟಿಗೆಯಲ್ಲಿ ಕರು ಹಗ್ಗ ಕಿತ್ತುಕೊಂಡಿತು. ಜಯಮ್ಮ ಕಿವಿ ಮುಚ್ಚಿಕೊಂಡು, "ಅಣ್ಣ, ಇದರೊಳಗೆ ಅವರ ದನಿ ಹೆಂಗಣ್ಣ ಕೇಳ್ತದೆ?" ಅಂದಳು. ನಾನು ಸ್ವಿಚ್ ಆರಿಸಿದೆ. ವ್ಯಾಪಾರಿ ಅರ್ಧ ಬೆಲೆಗೆ ವಾಪಸು ತಗೊಂಡ. ನಗು, ನಗು. ನೀನಿದ್ದಿದ್ದರೆ ಊರಿಗೆಲ್ಲ ಮೈಕಿನಲ್ಲಿ ಹೇಳುತ್ತಿದ್ದೆ.

ಶೈಲಜಾ ಬೈಯಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. "ಹಳೇ ಲ್ಯಾಪ್‌ಟಾಪ್ ಹುಡುಕಿ. ಪರದೆ ಒಡೆದಿರಲಿ, ಕೀ ಕಿತ್ತಿರಲಿ, ನಮಗೇನು? ಬ್ಯಾಟರಿ ಒಂದು ಗಂಟೆ ನಿಲ್ಲಬೇಕು, ಅಷ್ಟೇ. ಕರೆಂಟ್ ಹೋದ್ರೆ ಅದೇ ಕಾಯುತ್ತೆ. ಹಳೇ ಮಷೀನು ತಗೊಂಡ್ರೆ ತೊಂದರೆ ಇಲ್ಲ, ಹಳೇ ಡಿಸ್ಕು ಮಾತ್ರ ತಗೋಬೇಡಿ. ಡಿಸ್ಕ್ ಹೊಸದೇ ಆಗಬೇಕು. ಒಂದಲ್ಲ, ಎರಡು." ಎರಡು ಅಂದ ತಕ್ಷಣ ನನಗೆ ನೀನೇ ಎದುರು ಕೂತು ಹೇಳಿದಂತಾಯಿತು. ಹಗರೆಯಲ್ಲಿ ನಡೆದ ಮದುವೆಗೆ ಎರಡು ಆಂಪ್ಲಿಫೈಯರು, ಎರಡು ಬ್ಯಾಟರಿ ಹೊರಿಸಿದ್ದೆಯಲ್ಲ, "ಮದುವೆ ಒಂದೇ ಕಣಪ್ಪಾ" ಎಂದು ನಾನು ಗೊಣಗಿದ್ದೆ. ಧಾರೆಯ ಹೊತ್ತಿಗೆ ಒಂದು ಆಂಪ್ಲಿಫೈಯರ್ ಸುಟ್ಟು ಹೊಗೆ ಬಂತು. ನೀನು ನನ್ನ ಕಡೆ ತಿರುಗಿಯೂ ನೋಡದೆ ಇನ್ನೊಂದಕ್ಕೆ ವೈರು ಚುಚ್ಚಿದೆ.

ಹಳೇಬೀಡಿನ ಜೆರಾಕ್ಸ್ ಅಂಗಡಿಯವರ ಹತ್ತಿರ ಪರದೆ ಬಿರುಕು ಬಿಟ್ಟ ಲ್ಯಾಪ್‌ಟಾಪ್ ಸಿಕ್ಕಿತು. ವೈರು ಕಿತ್ತು ಒಂದೂಕಾಲು ಗಂಟೆ ಅಲ್ಲೇ ಬೆಂಚಿನ ಮೇಲೆ ಕೂತು, ಬ್ಯಾಟರಿ ನಿಲ್ಲುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಕೈಗೆ ದುಡ್ಡು ಕೊಟ್ಟೆ. ಕಳೆದ ಭಾನುವಾರ ಬೆಳಗ್ಗೆ ಶೈಲಜಾ ನಿನ್ನ ಮನೆಗೇ ಬಂದರು. ಲ್ಯಾಪ್‌ಟಾಪಿಗೇನೋ ಅದರದೇ ಬ್ಯಾಟರಿ ಇತ್ತು. ನಿನ್ನ ಹಳೇ ಡಿಸ್ಕಿಗೆ ಮಾತ್ರ ಹೊರಗಿನಿಂದ ಹನ್ನೆರಡು ವೋಲ್ಟ್ ಬೇಕು. "ಇದು ಅರ್ಧದಲ್ಲಿ ನಿಂತ್ರೆ ಮತ್ತೆ ಏಳಲ್ಲ" ಅಂದರು. ನಾನು ನಿನ್ನ ಕೋಣೆಗೆ ಹೋಗಿ ಮೈಕ್‌ಸೆಟ್ಟಿನ ಎರಡನೇ ಬ್ಯಾಟರಿ ಹೊತ್ತು ತಂದೆ. ಹಿಂದಿನ ದಿನವೇ ಚಾರ್ಜ್ ಮಾಡಿಟ್ಟಿದ್ದೆ. ಮೀಟರ್ ಹಿಡಿದು ಅಳೆದು ವೈರು ಜೋಡಿಸಿದೆ. ಆ ಕೆಲಸ ನನಗೆ ಬರುತ್ತದೆ.

ಶುರು ಮಾಡುವ ಮುಂಚೆ ಜಯಮ್ಮನಿಗೆ ಕುಂಕುಮದ ವಿಷಯ ಹೇಳಿಬಿಟ್ಟೆ. ದನಿ ಬಾರದೇ ಹೋದರೆ ಯಾರಿಂದ ಎಂದು ಅವಳಿಗೆ ಗೊತ್ತಿರಬೇಕಲ್ಲ? ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, "ಅವರ ಸಾಮಾನಿಗೆ ಆ ವರ್ಷ ಪೂಜೆನೇ ಆಗ್ಲಿಲ್ಲ ಅಂತ ಅತ್ತಿದ್ದೆ ಕಣಣ್ಣ. ನೀನು ಮಾಡಿದ್ಯಾ?" ಅಂದಳು. ಆಮೇಲೆ ಮೆಲ್ಲಗೆ, "ಸದ್ಯ" ಅಂದಳು. ನಾನು ಮುಖ ತಿರುಗಿಸಿಕೊಂಡೆ.

ಡಿಸ್ಕ್ ಟಕ್ ಟಕ್ ಅಂದು ನಿಂತು, ಮತ್ತೆ ತಿರುಗಿತು. ಒಂದೊಂದೇ ರೆಕಾರ್ಡಿಂಗ್ ಇಳಿಯತೊಡಗಿತು. ಮುಕ್ಕಾಲು ಗಂಟೆಯಾಗಿರಬೇಕು, ತಲೆಯ ಮೇಲಿನ ಫ್ಯಾನು ನಿಧಾನವಾಯಿತು. ಕರೆಂಟ್ ಹೋಯಿತು. ಬಿರುಕು ಬಿಟ್ಟ ಪರದೆ ಆರಲಿಲ್ಲ. ನಿನ್ನ ಬ್ಯಾಟರಿಯ ಮೇಲೆ ಡಿಸ್ಕ್ ಓಡುತ್ತಲೇ ಇತ್ತು. ಜಯಮ್ಮ ಬ್ಯಾಟರಿಯ ಮೇಲೆ ಕೈಯಿಟ್ಟು ಕೂತಳು. ಇಪ್ಪತ್ತು ನಿಮಿಷಕ್ಕೆ ಕರೆಂಟ್ ಬಂತು. ಮಧ್ಯಾಹ್ನ ಊಟದ ಹೊತ್ತಿಗೆ ಡಿಸ್ಕ್ ಕರ್ ಎಂದು ಒಂದು ಸಲ ಕೂಗಿ ನಿಂತುಹೋಯಿತು, ಮತ್ತೆ ಏಳಲಿಲ್ಲ. ನಾಲ್ಕು ನಾಟಕ ಅದರೊಳಗೇ ಉಳಿದವು. ನಾನು ಜನ್ಮದಲ್ಲಿ ಒಂದೇ ಸಲ ಹಾಕಿದ ರಾಜಪಾರ್ಟು ಅದರಲ್ಲೇ ಇತ್ತು ಕಣೋ. ಹೋಗಲಿ, ನೀನೇ ಅದನ್ನು ಕೇಳಲಾರೆ ಅನ್ನುತ್ತಿದ್ದೆಯಲ್ಲ.

ಈಗ ಲ್ಯಾಪ್‌ಟಾಪ್ ನಿನ್ನ ಆಂಪ್ಲಿಫೈಯರ್ ಸ್ಟ್ಯಾಂಡಿನ ಮೇಲೆ ಕೂತಿದೆ. ಎಲ್ಲದರ ಇನ್ನೊಂದು ಪ್ರತಿ ತುಂಬಿದ ಎರಡನೇ ಡಿಸ್ಕ್ ಬೇಲೂರಿನಲ್ಲಿ ನಿನ್ನ ಮಗಳ ಮನೆಯಲ್ಲಿದೆ. ಈ ಸಲದ ಪೂಜೆಗೆ ಕುಂಕುಮ ಸ್ಟ್ಯಾಂಡಿಗೆ ಮಾತ್ರ, ನಿನ್ನಾಣೆ.

ಆ ಭಾನುವಾರ ಮೊದಲ ರೆಕಾರ್ಡಿಂಗ್ ಹಾಕಿದಾಗ ಬರೀ ಗಾಳಿಯ ಸದ್ದು ಬಂತು. ಜಯಮ್ಮ ನನ್ನನ್ನೇ ನೋಡಿದಳು. ಯಾರೋ ಕೆಮ್ಮಿದರು. ಆಮೇಲೆ ನೀನು ಬಂದೆ. "ಹಲೋ, ಹಲೋ. ಲೋಕಿ, ದೂರದ ಹಾರ್ನು ಕೇಳ್ತೈತೇನ್ಲಾ?" ಜಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಶೈಲಜಾ ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತು ಗಾಳಿ, ನೀನು ಕಾಯುತ್ತಿದ್ದೆ. ನಡುಮನೆಯ ಮಧ್ಯೆ ನಿಂತು ನಾನು ಹೆಗಲ ಮೇಲಿನ ಟವೆಲ್ ಎತ್ತಿ ಬೀಸಿದೆ ಕಣೋ. "ಆಯ್ತು, ಆಯ್ತು, ಬಾ" ಅಂದೆ ನೀನು.

ನಿನ್ನ
ಲೋಕಿ