ಒಬ್ಬನ ಹೆಸರಿನ ಎರಡು ಉಸಿರು

ಬೆಟಗೇರಿ, ಉರಿತಿಂಗಳ ಒಂಬತ್ತು, ೨೧೮೮

ನೂರರವತ್ತು ವರ್ಷ ಹಿಂದೆ ಇರುವ ನಿಮಗೆ, ಶಿದ್ರಾಮಪ್ಪನ ಹೆಂಡತಿ ನೀಲವ್ವ ಬರೆಯುವುದು. ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಬಿಸಿಲಿಗೆ ಹೊರಗೆ ದುಡಿಯಲಾಗದ ದಿನಗಳು ಹೆಚ್ಚಿದ ಮೇಲೆ ಸರಕಾರ ಏಪ್ರಿಲ್ ಮತ್ತು ಮೇ ನಡುವೆ ಇನ್ನೊಂದು ತಿಂಗಳನ್ನು ಸೇರಿಸಿತು. ಅದನ್ನು ಉರಿತಿಂಗಳು ಎನ್ನುತ್ತೇವೆ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಏಳನೆಯ ತರಗತಿಯವರೆಗೆ ಓದಿದವಳು. ಮಲಗುವ ಮೊದಲು ನಾಲ್ಕು ಸಾಲು ಬರೆದಿಡುವ ರೂಢಿಯಿದೆ, ಅಷ್ಟೇ. ಈ ಸಾಲುಗಳನ್ನು ಮಾತ್ರ ನನಗಾಗಿ ಬರೆಯುತ್ತಿಲ್ಲ.

ನಿಮ್ಮ ಕಾಲದಲ್ಲಿ ಪಿಂಚಣಿಯವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ತೋರಿಸಬೇಕಿತ್ತಂತೆ, ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ನಮಗೆ ಅದು ದಿನವೂ ಇದೆ. ಎಪ್ಪತ್ತು ದಾಟಿದವರಿಗೆಲ್ಲ ಹಿರಿವಿಮೆ, ಆಸ್ಪತ್ರೆಯ ಖರ್ಚೆಲ್ಲ ಅದರದೇ. ಅದು ನಡೆಯಬೇಕಾದರೆ ಬೆಳಿಗ್ಗೆ ಓಣಿಯ ತುದಿಯ ಹಾಜರಿಗೂಡಿಗೆ ಹೋಗಿ ತಮ್ಮ ಹೆಸರಿನ ನಳಿಗೆಯಲ್ಲಿ ಊದಬೇಕು. ಇದಕ್ಕೆ ಉಸಿರು ಹಾಜರಿ ಎಂದು ಹೆಸರು. ಮೂರು ದಿನ ತಪ್ಪಿದರೆ ವಿಮೆ ಸತ್ತಂತೆ. ಬಿಸಿಲೇರುವ ಮೊದಲು ನೀರಿನ ಕೊಡ ಸರದಿಯಲ್ಲಿಟ್ಟು, ಮುದುಕರೆಲ್ಲ ಕೋಲೂರಿಕೊಂಡು ಅಲ್ಲಿ ಸೇರುತ್ತಾರೆ. ಗೂಡಿನ ಮುಂದೆ ಚಹಾ ಮಾರುತ್ತಾರೆ, ಮೊಮ್ಮಕ್ಕಳ ಲಗ್ನದ ಮಾತೂ ಅಲ್ಲೇ ಆಗುತ್ತದೆ. ಯಾರಿಗಾದರೂ ಜ್ವರ ಬಂದು ಏಳಲಾಗದಿದ್ದರೆ ಪಕ್ಕದ ಮನೆಯವರು ಅವರ ನಳಿಗೆಯಲ್ಲೂ ಊದಿ ಬರುವುದು ನಮ್ಮ ಓಣಿಯ ಪದ್ಧತಿ. ಯಂತ್ರಕ್ಕೆ ನಳಿಗೆಯ ಹೆಸರು ಗೊತ್ತು, ಊದಿದ ಬಾಯಿ ಗೊತ್ತಿಲ್ಲ. ಇದನ್ನು ಯಾರೂ ಮೋಸವೆಂದು ಎಣಿಸಿರಲಿಲ್ಲ. ಮನೆಗೆ ಬೀಗ ಹಾಕಿ ಹೋದವರ ತುಳಸಿಗೆ ನೀರು ಹಾಕಿದ ಹಾಗೆ ಅದು.

ನನ್ನ ಯಜಮಾನರು ಕಪ್ಪತಗುಡ್ಡದ ಗಾಳಿಕಂಬಗಳನ್ನು ಹತ್ತಿ ರಿಪೇರಿ ಮಾಡುತ್ತಿದ್ದವರು. ಹೋದ ತಿಂಗಳು ಎದೆ ಹಿಡಿದುಕೊಂಡು ಅಂಗಳದಲ್ಲಿ ಬಿದ್ದರು. ಅವರ ತಮ್ಮ ಗುರುಪಾದ ಗಾಡಿ ತಂದ; ನಾವು ಯಾರಿಗೂ ಹೇಳದೆ ಹಾಗೆಯೇ ಹೊರಟೆವು. ಆಸ್ಪತ್ರೆಯವರು ಎದೆ ಸೀಳಿ ಹೃದಯ ಸರಿಮಾಡಿದರು. ಗಾಯ ಕೂಡುವವರೆಗೆ ಮಂಚ ಬಿಟ್ಟು ಅಲುಗಾಡಬಾರದು, ಮೈಗೆ ಹಚ್ಚಿದ ಯಂತ್ರ ತೆಗೆದರೆ ಜೀವ ಉಳಿಯದು ಎಂದರು. ಅವರ ಉಸಿರಿನ ಹಾಜರಿ ಆ ಯಂತ್ರದಿಂದಲೇ ವಿಮೆಯವರಿಗೆ ತಾನಾಗಿ ಹೋಗುತ್ತಿತ್ತು. ಇದು ಗೊತ್ತಿಲ್ಲದೆ ಇತ್ತ ಓಣಿಯಲ್ಲಿ ಪಕ್ಕದ ಮನೆಯ ಹುಸೇನಬೀ, ಯಜಮಾನರ ನಳಿಗೆ ಖಾಲಿ ಇದ್ದದ್ದನ್ನು ನೋಡಿದಳು. ತಾನು ಅಣ್ಣನೆಂದು ಕರೆಯುವವರ ವಿಮೆ ಸಾಯಬಾರದೆಂದು ದಿನವೂ ತಪ್ಪದೆ ಊದಿದಳು.

ಒಂದೇ ಹೆಸರಿನ ಉಸಿರು ಎರಡು ಕಡೆಯಿಂದ ಬಂದಾಗ ವಿಮೆಯವರು ಕೈ ತೆಗೆದರು. ಮನೆಯಲ್ಲಿ ಗಟ್ಟಿಯಾಗಿರುವವನ ಹೆಸರಿನಲ್ಲಿ ಆಸ್ಪತ್ರೆಯಲ್ಲಿ ಬೇರೆ ಯಾರೋ ಮಲಗಿದ್ದಾರೆ ಎಂಬುದು ಅವರ ವಾದ. ಇದನ್ನು ಹೇಳಿದಾಗ ಯಜಮಾನರು ಕಣ್ಣು ತೆರೆಯದೆಯೇ, "ನಾ ಇಬ್ಬರ ಅದೀನಂದ್ರ ಒಬ್ಬಾವ ಮನ್ಯಾಗ ನೀರರ ತರಬೇಕಿತ್ತಲ್ಲ, ನೀಲಾ" ಅಂದರು. ನನಗೆ ನಗು ಬಂತು. ಅದು ಅವರ ಕೊನೆಯ ಮಾತಾಗುತ್ತದೆಂದು ನನಗೆ ತಿಳಿದಿರಲಿಲ್ಲ.

ಮಧ್ಯಾಹ್ನ ಎಬ್ಬಿಸುವವರು ಬಂದರು. ವಿಮೆ ಕೈಬಿಟ್ಟವರ ಮಂಚ ಖಾಲಿ ಮಾಡಿಸುವವರಿಗೆ ನಮ್ಮಲ್ಲಿ ಹೀಗೆನ್ನುತ್ತಾರೆ. ಸೊಂಟಕ್ಕೆ ರಬ್ಬರಿನ ಬಡಿಗೆ ಸಿಕ್ಕಿಸಿಕೊಂಡಿರುತ್ತಾರೆ. ಅವರು ವಾರ್ಡಿಗೆ ಕಾಲಿಟ್ಟರೆ ಉಳಿದ ರೋಗಿಗಳ ಮನೆಯವರು ಗೋಡೆಯ ಕಡೆಗೆ ಮುಖ ತಿರುಗಿಸಿ ನಿಲ್ಲುವುದು ರೂಢಿ. ಎಲ್ಲರೂ ತಿರುಗಿದರು. ಅವರ ಮುಖಂಡ ನನಗೆ, "ಅವ್ವಾರ, ಆ ಕಡೆ ಸರೀರಿ. ಮಂಚ ಖಾಲಿ ಆದ್ರ ನಮಗ ಪಗಾರ" ಅಂದ. ಗುರುಪಾದ ಸಲೈನಿನ ಕಬ್ಬಿಣದ ಕಂಬ ಕಿತ್ತುಕೊಂಡು ಅಡ್ಡ ನಿಂತ.

"ನಮ್ಮಣ್ಣನ್ನ ಮುಟ್ಟಿದ್ರ ಕೈ ಮುರೀತೀನಿ."

"ಮುರೀಪಾ. ನನಗರ ವಿಮಾ ಐತಿ, ನಿನಗೇನೈತಿ?"

ಗುರುಪಾದ ಮುರಿದೇಬಿಟ್ಟ. ಮೂಳೆ ಮುರಿದ ಸದ್ದು ಒಣಗಿದ ಜೋಳದ ದಂಟು ಮುರಿದ ಹಾಗಿತ್ತು. ಉಳಿದವರು ಅವನನ್ನು ನೆಲಕ್ಕೆ ಕೆಡವಿ ಬಾಯಿಗೆ, ಬೆನ್ನಿಗೆ ಬಡಿದರು. ಅವನ ಹಲ್ಲು ನನ್ನ ಪಾದದ ಬಳಿ ಬಂದು ಬಿತ್ತು. ಇನ್ನೊಬ್ಬ ಯಜಮಾನರ ಯಂತ್ರದ ವೈರು ಎಳೆದಾಗ ನಾನು ಅವನ ಮುಂಗೈಗೆ ಬಾಯಿ ಹಾಕಿದೆ, ಚರ್ಮ ಕಿತ್ತುಬರುವವರೆಗೆ ಬಿಡಲಿಲ್ಲ. ಜನ್ಮದಲ್ಲಿ ಒಂದು ಕೋಳಿಯನ್ನೂ ಕೊಯ್ದವಳಲ್ಲ ನಾನು. ಅವನು ನನ್ನ ಜಡೆ ಹಿಡಿದು ತಲೆಯನ್ನು ಮಂಚದ ಕಂಬಿಗೆ ಅಪ್ಪಳಿಸಿದ. ಆ ನೂಕಾಟದಲ್ಲಿ ಮಂಚ ಮಗುಚಿತು. ಎದೆಯ ಹೊಲಿಗೆ ಬಿಚ್ಚಿ, ಅವರ ರಕ್ತ ನನ್ನ ಸೀರೆಯನ್ನೆಲ್ಲ ತೋಯಿಸಿತು. ಎರಡೂ ಅಂಗೈಗಳಿಂದ ಒತ್ತಿ ಹಿಡಿದೆ. ಬಿಸಿಯಾಗಿತ್ತು. ಆಮೇಲೆ ಆರಿತು.

ಮಣ್ಣು ಮಾಡಿ ಬಂದ ದಿನವೇ ಓಣಿಯವರು ಕಲ್ಲು ಹಿಡಿದು ಹುಸೇನಬೀಯ ಮನೆಯ ಮುಂದೆ ನೆರೆದರು. ಅವಳು ಊದಿದ್ದರ ತನಿಖೆ ಓಣಿಗೆಲ್ಲ ಬಂದು ತಮ್ಮ ಮನೆಯ ಮುದುಕರ ವಿಮೆಯೂ ಹೋಗುತ್ತದೆಂಬ ಹೆದರಿಕೆ ಅವರಿಗೆ. ತಾವೂ ಹಾಗೆಯೇ ಇನ್ನೊಬ್ಬರ ನಳಿಗೆ ಊದಿದವರೆಂಬುದನ್ನು ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಅವಳು ಹೊರಗೆ ಬಂದು, "ನಾ ಏನ್ ಮಾಡೀನ್ರೆಪಾ? ಅಣ್ಣಾರ ನಳಿಗಿ ಖಾಲಿ ಇತ್ತು, ಊದೀನಿ" ಅಂದಳು. ಮಾತು ಮುಗಿಯುವ ಮೊದಲೇ ಕಲ್ಲು ಬಿತ್ತು. ಹಣೆ ಒಡೆದು ಹೊಸ್ತಿಲ ಮೇಲೆ ಕುಸಿದಳು. ಯಾರ ಕಲ್ಲೆಂದು ಯಾರೂ ಹೇಳುವುದಿಲ್ಲ. ಗುರುಪಾದ ಮಾತ್ರ ಅವಳನ್ನು ಹೆಗಲ ಮೇಲೆ ಹೊತ್ತು, ದಾರಿಯುದ್ದಕ್ಕೂ ಅಳುತ್ತ, ನಾನೀಗ ಕುಳಿತು ಬರೆಯುತ್ತಿರುವ ಇದೇ ಆಸ್ಪತ್ರೆಗೆ ತಂದ.

ಅವಳಿಗೆ ಇನ್ನೂ ಎಚ್ಚರವಿಲ್ಲ. ಇನ್ನೊಬ್ಬರ ನಳಿಗೆಯಲ್ಲಿ ಊದಿದ್ದಕ್ಕಾಗಿ ವಿಮೆಯವರು ಇವತ್ತು ಬೆಳಿಗ್ಗೆ ಅವಳನ್ನೂ ಕೈಬಿಟ್ಟಿದ್ದಾರೆ. ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ. ಯಜಮಾನರ ಧೋತರ ಹರಿದು, ನನ್ನ ಎಡಗೈಯನ್ನು ಅವಳ ಕೈಗೂ, ಎರಡನ್ನೂ ಮಂಚದ ಕಂಬಿಗೂ ಬಿಗಿದಿದ್ದೇನೆ. ಬಲಗೈಯಿಂದ ಇದನ್ನು ಬರೆಯುತ್ತಿದ್ದೇನೆ. ಗುರುಪಾದ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದಾನೆ.

ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಮುದುಕರು ಬದುಕಿದ್ದಾರೆಂದು ವರ್ಷದಲ್ಲಿ ಈಗ ಇರುವುದಕ್ಕಿಂತ ಒಂದು ದಿನ ಹೆಚ್ಚಿಗೆ ತೋರಿಸಿರಿ ಎಂದು ಯಾರಾದರೂ ಕೇಳಿದರೆ, ಅದು ಸಣ್ಣ ಕೆಲಸವೆಂದು ಒಪ್ಪಿಕೊಳ್ಳಬೇಡಿರಿ. ನಮ್ಮ ಹಿರಿಯರು ಒಪ್ಪಿಕೊಂಡರು. ಅವರು ಕೆಟ್ಟವರಾಗಿರಲಿಲ್ಲ. ಬೆಳಗಿನ ಹೊತ್ತು ಒಂದು ಸಲ ಊದಿದರೆ ಏನು ಹೋಗುತ್ತದೆ ಅಂದುಕೊಂಡರು.

ಎಬ್ಬಿಸುವವರು ಬಾಗಿಲು ನೂಕುತ್ತಿದ್ದಾರೆ. ಪಕ್ಕದ ಮಂಚದ ಹೆಂಗಸು ಗೋಡೆಯ ಕಡೆ ತಿರುಗದೆ, ಎದ್ದು ಬಂದು ನನ್ನ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದಾಳೆ. ಅವಳ ಹೆಸರನ್ನೂ ಕೇಳಿಲ್ಲ. ಇಲ್ಲಿಗೆ ಬರವಣಿಗೆ ಸಾಕು, ಈ ಕೈ ಬೇಕಾಗಿದೆ.